‘ಎಂದರೆ ಸರಿಯಲ್ಲ’: ನರಹತ್ಯೆಯ ಆಪಾದನೆ, ಪ್ರತಿವಾದ ಮತ್ತು ಕೆಲವು ಪಠ್ಯಗಳು

ದೆಹಲಿಯ ಹಿಂದೀ ದಿನಪತ್ರಿಕೆಗಳನ್ನು ಓದುವ ಅಭ್ಯಾಸವಿರುವವರಿಗೆ ‘ಗೈರ್ ಇರಾದತನ್ ಹತ್ಯಾ’ ಎಂಬ ಪದಪುಂಜ ಪರಿಚಿತವಾದುದು. ಪೊಲೀಸರು ದಾಖಲಿಸುವ ಪ್ರಥಮ ವರ್ತಮಾನ ವರದಿಯಿಂದ ಹೊರಟು ವರದಿಗಾರನ ಲೇಖನಿಗೆ ಬಂದು ನೆಲೆಸಿರುವ ಈ ಮಾತಿಗೆ ‘ಉದ್ದೇಶವಿಲ್ಲದೆ ಮಾಡಿದ ಹತ್ಯೆ’ ಎಂದು ಅರ್ಥ. ಕನ್ನಡ ಪತ್ರಿಕೆಗಳೂ ಇದನ್ನೇ ಅನುಸರಿಸಿ ‘ಉದ್ದೇಶಪೂರ್ವಕವಲ್ಲದ ಹತ್ಯೆ’ ಎಂದು ಬರೆಯುವುದುಂಟು. ಆದರೆ ಈ ಮಾತು ಯಾವ ಅಪರಾಧವನ್ನು ಸೂಚಿಸಬೇಕೋ ಅದರ ಅರ್ಧಭಾಗವನ್ನು ಮಾತ್ರ ಸೂಚಿಸುತ್ತದೆ. ಉಳಿದರ್ಧದ ವಿಷಯದಲ್ಲಿ ಅದು ಶುದ್ಧ ತಪ್ಪು. 1860ರ ಭಾರತ ದಂಡಸಂಹಿತೆಯ 304ನೆಯ ಕಲಮಿನ ಮೊದಲ ಭಾಗದಲ್ಲಿ ಕೊಲ್ಲುವ ಉದ್ದೇಶ ಸ್ಪಷ್ಟವಾಗಿಯೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 105ನೆಯ ಕಲಮಿನಲ್ಲಿಯೂ ಹಾಗೆಯೇ. ತೀವ್ರವೂ ಹಠಾತ್ತೂ ಆದ ಪ್ರಚೋದನೆಗೆ ಒಳಗಾಗಿ ಕೊಂದವನು, ಆತ್ಮರಕ್ಷಣೆಯ ಹಕ್ಕನ್ನು ಸದ್ಭಾವನೆಯಿಂದಲೇ ಮೀರಿ ಕೊಂದವನು, ಏಕಾಏಕಿ ಎದ್ದ ಜಗಳದಲ್ಲಿ ಕೊಂದವನು, ಇವರೆಲ್ಲರೂ ಉದ್ದೇಶಪೂರ್ವಕವಾಗಿಯೇ ಕೊಂದಿರಬಹುದು. ಆದರೂ ಕಾನೂನು ಅವರನ್ನು ಕೊಲೆಗಾರರೆಂದು ಕರೆಯುವುದಿಲ್ಲ.

ಹೀಗೆ ಕೊಂದಿರುವುದಕ್ಕೂ ಕೊಲೆಗಾರನೆನಿಸಿಕೊಳ್ಳುವುದಕ್ಕೂ ನಡುವೆ ಒಂದು ಅಂತರವಿದೆ. ಪ್ರತಿವಾದದ ವಕೀಲನ ಬಹುಪಾಲು ಕಸುಬು ನಡೆಯುವುದು ಈ ಅಂತರದಲ್ಲಿ. ಆಪಾದಿತನು ಸ್ಥಳದಲ್ಲಿರಲೇ ಇಲ್ಲವೆಂಬ ವಾದ ಒಂದು ಬಗೆಯದು. ಇದ್ದನು, ಏಟು ಅವನದೇ, ಸಾವೂ ಅದರಿಂದಲೇ, ಆದರೆ ಅದಕ್ಕೆ ಇಡಬೇಕಾದ ಹೆಸರು ಬೇರೆ ಎಂಬ ವಾದ ಇನ್ನೊಂದು ಬಗೆಯದು. ಎರಡನೆಯ ಬಗೆಯ ವಾದಕ್ಕೆ ನಮ್ಮಲ್ಲಿ ಮಾದರಿಯಾಗಿರುವುದು 1876ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಮೆಲ್ವಿಲ್ ಅವರು ಗೋವಿಂದ ಎಂಬಾತನ ಪ್ರಕರಣದಲ್ಲಿ ಬರೆದ ಅಭಿಪ್ರಾಯ. ಹದಿನೈದರ ಹರೆಯದ ಹೆಂಡತಿಯನ್ನು ಕೆಡವಿ, ಎದೆಯ ಮೇಲೆ ಮಂಡಿಯೂರಿ, ಮುಖಕ್ಕೆ ಗುದ್ದಿದ ಗಂಡನ ಕೃತ್ಯ ಅದು, ಆಕೆ ಸತ್ತಳು. ಓದುವಾಗ ನಮ್ಮ ಸಹಾನುಭೂತಿ ಯಾವ ಕಡೆಗಿರುತ್ತದೆಂಬುದನ್ನು ಹೇಳಬೇಕಾಗಿಲ್ಲ. ಆದರೂ ಆ ಏಟುಗಳು ಸಾಮಾನ್ಯ ಕ್ರಮದಲ್ಲಿ ಸಾವಿಗೆ ಸಾಕಾಗುವಂಥವೇ, ಅಥವಾ ಸಾವು ಸಂಭವಿಸಬಹುದಾದಂಥವು ಮಾತ್ರವೇ ಎಂಬ ಭೇದವನ್ನು ನ್ಯಾಯಮೂರ್ತಿಗಳು ಬಿಡಿಸಿ ನೋಡಿ, ಇದು ಕೊಲೆಯಲ್ಲವೆಂದರು. ಅಪ್ರಿಯನಾದ ಮನುಷ್ಯನ ವಿಷಯದಲ್ಲಿಯೂ ಪದಗಳನ್ನು ತೂಗಿ ಬಳಸುವ ಈ ಶಿಸ್ತು ಸಾಹಿತ್ಯ ವಿಮರ್ಶಕನಿಗೂ ಪರಕೀಯವಾದುದಲ್ಲ. ಆದಕಾರಣ ನರಹತ್ಯೆಯ ಪ್ರತಿವಾದವನ್ನು ಒಂದು ಪಠ್ಯಪ್ರಕಾರವಾಗಿ ಓದಲು ಸಾಧ್ಯವೇ, ಹಾಗೆ ಓದಿದಾಗ ಕನ್ನಡ ಪರಂಪರೆಯ ಕೆಲವು ಪಠ್ಯಗಳು ಹೇಗೆ ಕಾಣುತ್ತವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ನ್ಯಾಯಾಲಯದ ಕಡತವನ್ನೇ ನೋಡಬಹುದು. ಕರ್ನಾಟಕದ ಸೆಷನ್ಸ್ ನ್ಯಾಯಾಲಯಗಳ ಸಾಕ್ಷ್ಯಪತ್ರಗಳನ್ನು ಓದಿದವರಿಗೆ ಅದರ ವಾಕ್ಯರಚನೆಯ ಒಂದು ವೈಚಿತ್ರ್ಯ ಕಣ್ಣಿಗೆ ಬೀಳದಿರದು. ಮುಖ್ಯ ವಿಚಾರಣೆಯಲ್ಲಿ ಸಾಕ್ಷಿಯು ಕಥೆ ಹೇಳುತ್ತಾನೆ: ನಾನು ಹೋದೆನು, ನೋಡಿದೆನು, ಆಪಾದಿತನು ಹೊಡೆದನು. ಪಾಟೀಸವಾಲಿಗೆ ಬಂದೊಡನೆ ವಾಕ್ಯದ ನಡೆಯೇ ಬದಲಾಗುತ್ತದೆ. ಅಲ್ಲಿ ವಕೀಲನ ಪ್ರಶ್ನೆ ದಾಖಲಾಗುವುದಿಲ್ಲ. ಪ್ರಶ್ನೆಯನ್ನು ಒಳಗೊಂಡ ಉತ್ತರ ಮಾತ್ರ ದಾಖಲಾಗುತ್ತದೆ. ಮೃತನೇ ಮೊದಲು ಕತ್ತಿ ಎತ್ತಿದ್ದನು ಎಂದರೆ ಸರಿಯಲ್ಲ. ಆಪಾದಿತನು ಬಿಡಿಸಿಕೊಳ್ಳಲು ತಳ್ಳಿದನೆಂದರೆ ಸರಿಯಲ್ಲ. ಕತ್ತಲಿದ್ದುದರಿಂದ ನನಗೆ ಏನೂ ಕಾಣಲಿಲ್ಲವೆಂದರೆ ಸುಳ್ಳು. ದೆಹಲಿಯ ತೀಸ್ ಹಜಾರಿಯಲ್ಲಾಗಲಿ ಸಾಕೇತ್‌ನಲ್ಲಾಗಲಿ ಇದೇ ಮಾತು ‘ಯಹ್ ಕಹನಾ ಗಲತ್ ಹೈ ಕಿ’ ಎಂದೋ, ಅದರ ಇಂಗ್ಲಿಷ್ ರೂಪದಲ್ಲೋ ಪುಟಪುಟವೂ ಮರುಕಳಿಸುತ್ತದೆ.

ಇದರ ಪರಿಣಾಮವನ್ನು ಯೋಚಿಸಬೇಕು. ಅಭಿಯೋಜನೆಯ ಕಥೆ ವಿಧ್ಯರ್ಥದ ಸರಳ ವಾಕ್ಯಗಳಲ್ಲಿ, ಕಣ್ಣಾರೆ ಕಂಡವನ ಬಾಯಲ್ಲಿ ಉಳಿಯುತ್ತದೆ. ಪ್ರತಿವಾದದ ಕಥೆಯಾದರೋ ಎದುರುಪಕ್ಷದ ಸಾಕ್ಷಿಯ ಬಾಯಲ್ಲಿ, ನಿರಾಕೃತವಾದ ಉಪವಾಕ್ಯಗಳಾಗಿ ಚದುರಿಹೋಗಿರುತ್ತದೆ. ಅದನ್ನು ಒಂದು ಕಥೆಯೆಂದು ಕಾಣಬೇಕಾದರೆ ಓದುವವನು ‘ಎಂದರೆ ಸರಿಯಲ್ಲ’ ಎಂಬ ಬಾಲಗಳನ್ನೆಲ್ಲ ಮನಸ್ಸಿನಲ್ಲಿಯೇ ಕತ್ತರಿಸಿ, ಉಳಿದ ತುಂಡುಗಳನ್ನು ಜೋಡಿಸಿಕೊಳ್ಳಬೇಕು. ಹಸ್ತಪ್ರತಿಯೊಂದರಲ್ಲಿ ಪೂರ್ವಪಕ್ಷವಾಗಿ ಮಾತ್ರ ಉಳಿದುಬಂದ ಮತವೊಂದನ್ನು ಪುನಾರಚಿಸುವ ಸಂಶೋಧಕನ ಕೆಲಸಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಚಾರ್ವಾಕರನ್ನು ನಾವು ಬಲ್ಲದ್ದು ಬಹುಮಟ್ಟಿಗೆ ಅವರನ್ನು ಖಂಡಿಸಿದವರ ಮೂಲಕ; ಆಪಾದಿತನನ್ನೂ ಹಾಗೆಯೇ.

ಆಪಾದಿತನ ಸ್ವಂತ ಮಾತು ಬರುವುದು ಒಂದೇ ಕಡೆ. ಹಳೆಯ ದಂಡಪ್ರಕ್ರಿಯಾ ಸಂಹಿತೆಯ 313ನೆಯ ಕಲಮಿನ ಅಡಿಯಲ್ಲಿ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 351ನೆಯದರ ಅಡಿಯಲ್ಲಿ, ತನ್ನ ವಿರುದ್ಧ ಬಂದ ಪ್ರತಿಯೊಂದು ಸಂಗತಿಯನ್ನೂ ನ್ಯಾಯಾಧೀಶರು ಅವನ ಮುಂದಿಟ್ಟು ಕೇಳುತ್ತಾರೆ. ಪ್ರಮಾಣವಚನವಿಲ್ಲ; ಸುಳ್ಳು ಹೇಳಿದರೆ ಶಿಕ್ಷೆಯಿಲ್ಲ. ಸಾಕ್ಷ್ಯಗಳ ರಾಶಿಯ ನಡುವೆ ಅವನ ಆತ್ಮಕಥೆಗೆ ಮೀಸಲಾದ ಜಾಗ ಅದೊಂದೇ. ಆದರೆ ಅಲ್ಲಿ ಸಾಮಾನ್ಯವಾಗಿ ಕಾಣುವುದು ‘ಸುಳ್ಳು’, ‘ಗೊತ್ತಿಲ್ಲ’, ‘ನಾನು ನಿರಪರಾಧಿ’ ಎಂಬ ಏಕಪದದ ಉತ್ತರಗಳು. ವಕೀಲನ ಸಲಹೆಯೂ ಹಾಗೆಯೇ ಇರುತ್ತದೆ, ಅದಕ್ಕೆ ಕಾರಣವೂ ಇದೆ. ಹೆಚ್ಚು ಹೇಳಿದರೆ ಹೇಳಿದ್ದೇ ಮುಳುವಾಗಬಹುದು. ಅಪವಾದದ ರಕ್ಷಣೆ ಬೇಡುವವನ ಪಾಡು ಇನ್ನೂ ಬಿಕ್ಕಟ್ಟಿನದು: ಪ್ರಚೋದನೆ ಇತ್ತೆಂದು ಹೇಳಬೇಕಾದರೆ ಏಟು ತನ್ನದೆಂದು ಒಪ್ಪಬೇಕು, ಮತ್ತು ಅಪವಾದವನ್ನು ಸಿದ್ಧಪಡಿಸುವ ಹೊಣೆ ಅವನ ಮೇಲೆಯೇ ಬೀಳುತ್ತದೆ. ಸಂಶಯಾತೀತವಾಗಿ ಸಿದ್ಧಪಡಿಸಬೇಕಿಲ್ಲ, ಸಂಭಾವ್ಯತೆಯನ್ನು ತೋರಿಸಿದರೆ ಸಾಕು ಎಂಬುದು ನಿಜ. ಆದರೆ ಬಾಯಿ ಬಿಡದೆ ಸಂಭಾವ್ಯತೆಯನ್ನು ತೋರಿಸುವುದು ಹೇಗೆ? ಸಾಕ್ಷಿಗಳ ಬಾಯಿಯಿಂದಲೇ ತೋರಿಸಬೇಕು, ಅಂದರೆ ಪಾಟೀಸವಾಲಿನಿಂದ.

ಪಾಟೀಸವಾಲೇ ಇಲ್ಲದಾದಾಗ ಏನಾಗುತ್ತದೆಂಬುದಕ್ಕೆ ದೆಹಲಿಯಲ್ಲಿಯೇ ಒಂದು ನಿದರ್ಶನವಿದೆ. 1997ರ ಡಿಸೆಂಬರ್ 30ರಂದು ನಗರದ ಬಸ್ಸೊಂದರಲ್ಲಿ ಬಾಂಬು ಸಿಡಿದು ನಾಲ್ವರು ಸತ್ತರು. ಪಾಕಿಸ್ತಾನದ ಪ್ರಜೆಯೊಬ್ಬನ ಮೇಲೆ ಕೊಲೆಯ ಆಪಾದನೆ ಬಂದಿತು. 2004ರಲ್ಲಿ ವಿಚಾರಣಾ ನ್ಯಾಯಾಲಯ ಮರಣದಂಡನೆ ವಿಧಿಸಿತು. 2006ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಸ್ಥಿರಪಡಿಸಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ಕಡತವನ್ನು ತಿರುವಿದ ನ್ಯಾಯಮೂರ್ತಿಗಳಿಗೆ ಕಂಡದ್ದೇನೆಂದರೆ, ಅಭಿಯೋಜನೆಯ 65 ಸಾಕ್ಷಿಗಳ ಪೈಕಿ 56 ಮಂದಿಯ ಹೇಳಿಕೆ ದಾಖಲಾದಾಗ ಆಪಾದಿತನ ಪಕ್ಕದಲ್ಲಿ ವಕೀಲರೇ ಇರಲಿಲ್ಲ. ಆಮೇಲೆ ವಕೀಲರನ್ನು ಗೊತ್ತುಮಾಡಲಾಯಿತಾದರೂ ಹಿಂದಿನ ಸಾಕ್ಷಿಗಳನ್ನು ಮರಳಿ ಕರೆಸುವ ಪ್ರಯತ್ನ ನಡೆಯಲಿಲ್ಲ. ಆ ಪುಟಗಳಲ್ಲಿ ‘ಎಂದರೆ ಸರಿಯಲ್ಲ’ ಎಂಬ ನಿರಾಕರಣೆಯೂ ಇಲ್ಲ, ಏಕೆಂದರೆ ನಿರಾಕರಿಸಲು ಯಾರೂ ಏನನ್ನೂ ಸೂಚಿಸಿರಲಿಲ್ಲ. 2012ರ ಜನವರಿಯಲ್ಲಿ ಪೀಠದ ಇಬ್ಬರೂ ನ್ಯಾಯಮೂರ್ತಿಗಳು ತೀರ್ಪು ನಿಲ್ಲದೆಂದರು. ಮುಂದೇನು ಎಂಬಲ್ಲಿ ಮಾತ್ರ ಭಿನ್ನರಾದರು. ಚಿಕ್ಕಮಗಳೂರು ಜಿಲ್ಲೆಯವರಾದ ಎಚ್.ಎಲ್. ದತ್ತು ಅವರು ಹೊಸದಾಗಿ ವಿಚಾರಣೆ ನಡೆಯಬೇಕೆಂದರು, ಸಿ.ಕೆ. ಪ್ರಸಾದ್ ಅವರು ಇಷ್ಟು ವರ್ಷಗಳ ಮೇಲೆ ಮರುವಿಚಾರಣೆ ನ್ಯಾಯವಲ್ಲವೆಂದರು. ಅದೇ ವರ್ಷದ ಆಗಸ್ಟಿನಲ್ಲಿ ಮೂವರ ಪೀಠ ದತ್ತು ಅವರ ನಿಲುವನ್ನು ಎತ್ತಿಹಿಡಿಯಿತು. ವಕೀಲರ ಸಮ್ಮುಖದಲ್ಲಿ ಮರುವಿಚಾರಣೆ ನಡೆದು, 2013ರ ಜನವರಿಯಲ್ಲಿ ಆಪಾದಿತನು ಸ್ಫೋಟದ ಹಾಗೂ ಕೊಲೆಯ ಆಪಾದನೆಗಳಿಂದ ಬಿಡುಗಡೆ ಹೊಂದಿದನು. ಒಂದೇ ಘಟನೆಗೆ ಸಂಬಂಧಿಸಿದ ಎರಡು ವಿಚಾರಣೆಗಳು. ಒಂದರ ತುದಿಯಲ್ಲಿ ಗಲ್ಲು, ಇನ್ನೊಂದರ ತುದಿಯಲ್ಲಿ ಬಿಡುಗಡೆ.

ಇದನ್ನು ಓದುವಾಗ ನಮ್ಮ ಪ್ರಾಚೀನ ವ್ಯವಹಾರಶಾಸ್ತ್ರದ ಒಂದು ವಿಧಿ ನೆನಪಾಗದಿರದು. ಸಾಲ, ಗಡಿ, ಪಾಲುಪಟ್ಟಿಗಳ ವ್ಯಾಜ್ಯದಲ್ಲಿ ಪಕ್ಷಕಾರನು ತನ್ನ ಪರವಾಗಿ ಪ್ರತಿನಿಧಿಯನ್ನು ನಿಲ್ಲಿಸಬಹುದಾಗಿತ್ತು. ಆದರೆ ಮನುಷ್ಯಮಾರಣ, ಕಳವು, ರಾಜದ್ರೋಹ ಮೊದಲಾದ ಘೋರ ಆಪಾದನೆಗಳಲ್ಲಿ ಪ್ರತಿನಿಧಿಯನ್ನು ಕೊಡಕೂಡದು, ಮಾಡಿದವನೇ ನಿಂತು ವಾದಿಸಬೇಕು ಎಂಬುದು ಕಾತ್ಯಾಯನನ ಹೆಸರಿನಲ್ಲಿ ಉಳಿದುಬಂದಿರುವ ವಚನಗಳ ತಾತ್ಪರ್ಯ. ಪಶ್ಚಿಮದವರು ಇದರಲ್ಲಿ ನಮಗಿಂತ ಮುಂದಿದ್ದರೆಂದೇನೂ ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಮಹಾಪರಾಧದ ಆಪಾದಿತನ ಪರವಾಗಿ ವಕೀಲನು ಜ್ಯೂರಿಯನ್ನುದ್ದೇಶಿಸಿ ಮಾತನಾಡುವ ಹಕ್ಕು ದೊರೆತದ್ದು 1836ರ ಕಾಯಿದೆಯಿಂದ. ಅಪರಾಧ ದೊಡ್ಡದಾದಷ್ಟೂ ಆಪಾದಿತನು ಒಂಟಿಯಾಗಿರಬೇಕೆಂಬ ನಂಬಿಕೆ ಎರಡು ಕಡೆಯೂ ಇದ್ದಿತು. ಸತ್ಯವು ಕರ್ತೃವಿನ ಬಾಯಿಂದಲೇ ಹೊರಡಬೇಕು, ನಡುವೆ ಮಾತುಗಾರನು ಬಂದರೆ ಅದು ಕೆಡುತ್ತದೆ ಎಂಬ ಭಾವನೆ ಅದರ ಹಿಂದಿದ್ದಿರಬೇಕು. ನಮ್ಮ ಜನಪ್ರಿಯ ಚಲನಚಿತ್ರಗಳಲ್ಲಿ ಪ್ರತಿವಾದದ ವಕೀಲನಿಗೆ ಇಂದಿಗೂ ಕಪಟಿಯ ಪಾತ್ರ ದೊರೆಯುವುದು ಆ ಭಾವನೆ ಅಳಿದಿಲ್ಲವೆಂಬುದಕ್ಕೆ ಸಾಕ್ಷಿ.

ಪ್ರತಿನಿಧಿಯಿಲ್ಲದಿದ್ದರೂ ವಾದವಿರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ರಚಿಸಿದ ‘ಮಿತಾಕ್ಷರಾ’ವನ್ನು ನಾವು ಸಾಮಾನ್ಯವಾಗಿ ಆಸ್ತಿವಿಭಾಗದ ಗ್ರಂಥವೆಂದೇ ಸ್ಮರಿಸುತ್ತೇವೆ. ಅದರ ವ್ಯವಹಾರಾಧ್ಯಾಯದಲ್ಲಿ ಆತತಾಯಿಯ ವಧೆಯ ಕುರಿತು ದೀರ್ಘವಾದ ಚರ್ಚೆಯಿದೆ. ಕೊಲ್ಲಲು ಬಂದವನು ಗುರುವಾಗಲಿ ಬ್ರಾಹ್ಮಣನಾಗಲಿ ಅವನನ್ನು ಕೊಲ್ಲಬಹುದೆಂಬ ಸ್ಮೃತಿವಚನವನ್ನು ವಿಜ್ಞಾನೇಶ್ವರನು ಅಕ್ಷರಶಃ ಒಪ್ಪುವುದಿಲ್ಲ. ಅದು ಆತ್ಮರಕ್ಷಣೆಯ ವಿಧಿಯನ್ನು ಬಲಪಡಿಸಲು ಬಂದ ಅರ್ಥವಾದವೆಂದು ಸಾಧಿಸುತ್ತಾನೆ. ಬ್ರಾಹ್ಮಣ ಆತತಾಯಿಯನ್ನು ಕೊಲ್ಲುವ ಸಂಕಲ್ಪವಿಲ್ಲದೆ, ಕೇವಲ ತಡೆಯಹೋಗಿ, ಪ್ರಮಾದವಶದಿಂದ ಸಾವು ಉಂಟಾದರೆ ಲಘುಪ್ರಾಯಶ್ಚಿತ್ತ ಸಾಕು, ರಾಜದಂಡವಿಲ್ಲ ಎನ್ನುತ್ತಾನೆ. ಇಲ್ಲಿಯ ವರ್ಣಪಕ್ಷಪಾತವನ್ನು ಮುಚ್ಚಿಡಬೇಕಾಗಿಲ್ಲ: ಪ್ರಾಣದ ಬೆಲೆ ಸತ್ತವನ ಜಾತಿಯಿಂದ ನಿರ್ಧಾರವಾಗುತ್ತಿದೆ. ಆದರೆ ತಡೆಯುವ ಉದ್ದೇಶ ಮತ್ತು ಕೊಲ್ಲುವ ಉದ್ದೇಶ ಎಂಬ ಭೇದ ಕನ್ನಡ ನೆಲದಲ್ಲಿ, ಸಂಸ್ಕೃತದ ಮೂಲಕ, ಇಷ್ಟು ನಿಷ್ಕೃಷ್ಟವಾಗಿ ರೂಪುಗೊಂಡಿತ್ತು ಎಂಬುದೂ ಅಷ್ಟೇ ನಿಜ.

ಶಾಸ್ತ್ರದಲ್ಲಿದ್ದ ಈ ಸೂಕ್ಷ್ಮತೆ ಶಾಸನದಲ್ಲಿ ಇದೆಯೇ? ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನ ಶಾಸನವನ್ನು (ಕ್ರಿ.ಶ. 1057) ಈ ದೃಷ್ಟಿಯಿಂದ ಮತ್ತೆ ಓದಬೇಕೆಂದು ತೋರುತ್ತದೆ. ಚೋಳರ ಆಳ್ವಿಕೆಯ ಕಾಲದ ಈ ಶಾಸನದ ನಾಯಕಿ ದೇಕಬ್ಬೆ. ಅವಳ ಗಂಡ ನವಿಲೆನಾಡಿನ ಒಡೆಯ ಏಚನು ಮಲ್ಲಯುದ್ಧದಲ್ಲಿ ದಾಯಿಗನೊಬ್ಬನನ್ನು ಕೊಂದನು. ಅರಸನ ಆಜ್ಞೆಯಂತೆ ಅವನನ್ನು ತಲಕಾಡಿಗೊಯ್ದು ಕೊಲ್ಲಲಾಯಿತು. ಸುದ್ದಿ ಕೇಳಿದ ದೇಕಬ್ಬೆ ತಂದೆತಾಯಿಗಳು ಬೇಡವೆಂದರೂ ಕೇಳದೆ ಅಗ್ನಿಪ್ರವೇಶ ಮಾಡಿದಳು. ಕನ್ನಡ ಶಾಸನಸಾಹಿತ್ಯದ ಉತ್ತಮ ಕಾವ್ಯಖಂಡಗಳಲ್ಲೊಂದೆಂದು ಇದು ಮಾನ್ಯವಾಗಿದೆ, ಅದು ಯುಕ್ತವೇ. ನಮ್ಮ ಓದು ಮಾತ್ರ ಸದಾ ಚಿತೆಯ ಕಡೆಗೇ ಓಡಿದೆ, ಅಖಾಡದಲ್ಲಿ ನಿಂತಿಲ್ಲ. ಕುಸ್ತಿಯಲ್ಲಿ ಎದುರಾಳಿ ಸತ್ತನೆಂದರೆ ಇಂದಿನ ಪ್ರತಿವಾದಕ್ಕೆ ಕಡಮೆಯೆಂದರೆ ಮೂರು ದಾರಿಗಳು ತೆರೆದುಕೊಳ್ಳುತ್ತವೆ: ಅದು ಆಕಸ್ಮಿಕ, ಇಬ್ಬರೂ ಒಪ್ಪಿ ಕಣಕ್ಕಿಳಿದಿದ್ದರು, ಆಟ ಜಗಳಕ್ಕೆ ತಿರುಗಿ ಕೈಮೀರಿತು. 1860ರ ಸಂಹಿತೆ ತನ್ನ 87ನೆಯ ಕಲಮಿನಲ್ಲಿ ಕತ್ತಿವರಸೆಯ ವಿನೋದಕ್ಕೆ ಒಪ್ಪಿ ನಿಂತ ಇಬ್ಬರ ಉದಾಹರಣೆಯನ್ನೇ ಕೊಟ್ಟಿದೆ; ಮೋಸವಿಲ್ಲದ ಆಟದಲ್ಲಾದ ಪೆಟ್ಟು ಅಪರಾಧವಲ್ಲ. ಏಚನು ಇಂತಹುದೇನನ್ನಾದರೂ ಹೇಳಿದನೆ? ಶಾಸನಕವಿಗೆ ಅದು ಬೇಕಾಗಿಲ್ಲ. ಅಪರಾಧಕ್ಕೂ ಆಜ್ಞೆಗೂ ನಡುವೆ ಒಂದು ಪದದಷ್ಟೂ ತೆರವಿಲ್ಲ. ಗಂಡನಿಗೆ ಸಿಗದ ಮಾತು ಹೆಂಡತಿಗೆ ಸಿಕ್ಕಿದೆ; ತಂದೆತಾಯಿಗಳೊಡನೆ ಅವಳು ವಾದಿಸುತ್ತಾಳೆ, ಆದರೆ ಸಾಯುವ ಹಕ್ಕಿಗಾಗಿ ವಾದಿಸುತ್ತಾಳೆ.

ಜನ್ನನ ‘ಯಶೋಧರ ಚರಿತೆ’ (ಕ್ರಿ.ಶ. 1209) ಇದಕ್ಕೆ ನೇರ ವಿರುದ್ಧ ದಿಕ್ಕಿನಲ್ಲಿದೆ. ಅಲ್ಲಿ ಕೃತ್ಯಕ್ಕಿಂತ ಸಂಕಲ್ಪವೇ ದೊಡ್ಡದು. ಹೆಂಡತಿ ಅಮೃತಮತಿಯನ್ನು ಮಾವುತನೊಡನೆ ಕಣ್ಣಾರೆ ಕಂಡ ಯಶೋಧರನು ಕತ್ತಿಯೆತ್ತುತ್ತಾನೆ, ಆದರೆ ಇಳಿಸುತ್ತಾನೆ. ದಂಡಸಂಹಿತೆಯ ದೃಷ್ಟಿಯಿಂದ ತೀವ್ರವೂ ಹಠಾತ್ತೂ ಆದ ಪ್ರಚೋದನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆ ಕ್ಷಣದಲ್ಲಿ ಕೊಂದಿದ್ದರೆ ಇಂದಿನ ವಕೀಲನು ಅವನನ್ನು ಕೊಲೆಯ ಆಪಾದನೆಯಿಂದ ಕೆಳಗಿಳಿಸಬಹುದಾಗಿತ್ತು. 1961ರ ನಾನಾವತಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ರಕ್ಷಣೆಯನ್ನು ನಿರಾಕರಿಸಿದ್ದು, ವಿಷಯ ತಿಳಿದ ಕ್ಷಣಕ್ಕೂ ಗುಂಡು ಹಾರಿದ ಕ್ಷಣಕ್ಕೂ ನಡುವೆ ಮನಸ್ಸು ತಣಿಯುವಷ್ಟು ಸಮಯ ಇತ್ತೆಂಬ ಕಾರಣದಿಂದ. ಯಶೋಧರನ ಮನಸ್ಸೂ ತಣಿಯಿತು. ತಣಿದ ಮೇಲೆ ಅವನು, ತಾಯಿಯ ಒತ್ತಾಯಕ್ಕೆ ಮಣಿದು, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಒಂದು ಜೀವವೂ ಹೋಗದ ಆ ಕೃತ್ಯಕ್ಕೆ ಕಾನೂನಿನಲ್ಲಿ ಹೆಸರೇ ಇಲ್ಲ; ಕಾವ್ಯದಲ್ಲಿ ಅದಕ್ಕೆ ಜನ್ಮಜನ್ಮಾಂತರದ ಶಿಕ್ಷೆಯಿದೆ. ಸಂಕಲ್ಪಹಿಂಸೆ, ವಿರೋಧಿಹಿಂಸೆ ಎಂದು ಹಿಂಸೆಯನ್ನೇ ಬಗೆಬಗೆಯಾಗಿ ವಿಂಗಡಿಸಿದ ಜೈನ ಚಿಂತನೆ ಇದರ ಹಿಂದಿದೆ. ವಿರೋಧಿಹಿಂಸೆಗೆ ಗೃಹಸ್ಥನಲ್ಲಿ ಕ್ಷಮೆಯುಂಟು, ಸಂಕಲ್ಪಹಿಂಸೆಗೆ ಇಲ್ಲ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಈ ಕಥೆಯೆಲ್ಲ ಹೊರಡುವುದು ಮಾರಿದತ್ತನ ಕತ್ತಿಯ ಕೆಳಗೆ ನಿಂತ ಅಭಯರುಚಿಯ ಬಾಯಿಂದ. ಕೊಲ್ಲಹೊರಟವನು ಕೇಳುತ್ತಾನೆ, ಕೊಲೆಗೀಡಾಗಬೇಕಾದವನು ತನ್ನದೇ ಹಿಂದಿನ ಹಿಂಸೆಯನ್ನು ಒಪ್ಪಿಕೊಂಡು ಹೇಳುತ್ತಾನೆ, ಕತ್ತಿ ಕೆಳಗಿಳಿಯುತ್ತದೆ. ಒಪ್ಪಿಕೊಂಡೂ ಉಳಿಯಬಹುದಾದ ಈ ಪರಿ ನಮ್ಮ ನ್ಯಾಯಾಲಯಗಳ 313ನೆಯ ಕಲಮಿನ ಏಕಪದಗಳಿಗೆ ದಕ್ಕಿಲ್ಲ.

ಆಧುನಿಕ ಕನ್ನಡ ರಂಗಭೂಮಿಯಲ್ಲಿ ಪ್ರತಿವಾದದ ಅಣಕವನ್ನು ಅತ್ಯಂತ ತೀಕ್ಷ್ಣವಾಗಿ ತೋರಿಸಿದ ನಾಟಕ ಮೂಲತಃ ಕನ್ನಡದ್ದಲ್ಲ. ವಿಜಯ ತೆಂಡೂಲ್ಕರರ ಮರಾಠಿ ನಾಟಕ ‘ಸದ್ದು! ವಿಚಾರಣೆ ನಡೆಯುತ್ತಿದೆ’ ಎಂಬ ಹೆಸರಿನಲ್ಲಿ ನಮ್ಮದಾಯಿತು. ಅದರ ಅಣಕು ನ್ಯಾಯಾಲಯದಲ್ಲಿ ಭ್ರೂಣಹತ್ಯೆಯ ಆಪಾದನೆ ಹೊತ್ತ ಬೇಣಾರೆಗೆ ವಕೀಲನೇನೋ ಇದ್ದಾನೆ. ಆದರೆ ಆ ಸುಖಾತ್ಮೆಯೇ ಅಭಿಯೋಜಕನೂ ಹೌದು. ಒಂದು ಕುರ್ಚಿಯಿಂದ ಎದ್ದು ಇನ್ನೊಂದರಲ್ಲಿ ಕೂತು, ಬಾಡಿದ ಮುಖ ಮಾಡಿಕೊಂಡು ದಯಾಭಿಕ್ಷೆ ಬೇಡುವ ಅವನನ್ನು ಕಂಡು ಪ್ರೇಕ್ಷಕರು ನಗುತ್ತಾರೆ. ದೆಹಲಿಯಲ್ಲಿ ಇದು ನಗೆಯ ವಿಷಯವಾಗಿ ಉಳಿಯದ ಸಂದರ್ಭವೂ ಬಂದಿತು. 2012ರ ಡಿಸೆಂಬರಿನ ಸಾಮೂಹಿಕ ಅತ್ಯಾಚಾರ ಹಾಗೂ ಕೊಲೆಯ ಪ್ರಕರಣದಲ್ಲಿ ಆಪಾದಿತರ ಪರ ವಕಾಲತ್ತು ವಹಿಸಬಾರದೆಂದು ಸಾಕೇತ್‌ನ ವಕೀಲರು ನಿಶ್ಚಯಿಸಿದರು. ಅವರ ಕ್ರೋಧ ಎಲ್ಲರದೂ ಆಗಿತ್ತು. ಆದರೆ ಇಂತಹ ನಿರ್ಣಯಗಳು ಅಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವು 2010ರ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿಯೇ ಹೇಳಿಯಾಗಿತ್ತು. ಕೊನೆಗೆ ವಕೀಲರು ಮುಂದೆ ಬಂದರು, ವಿಚಾರಣೆ ನಡೆಯಿತು, ಶಿಕ್ಷೆಯೂ ಆಯಿತು.

ಪ್ರತಿವಾದವನ್ನು ಆದರ್ಶೀಕರಿಸುವುದೂ ಸಲ್ಲದು. 1999ರ ಜನವರಿ 10ರ ನಸುಕಿನಲ್ಲಿ ಲೋಧಿ ಕಾಲೊನಿಯಲ್ಲಿ ಬಿ.ಎಂ.ಡಬ್ಲ್ಯು. ಕಾರಿಗೆ ಸಿಕ್ಕಿ, ಮೂವರು ಪೊಲೀಸರೂ ಸೇರಿದಂತೆ ಆರು ಮಂದಿ ಸತ್ತ ಪ್ರಕರಣದಲ್ಲಿ ಹೆಸರಿನ ವಾದವೇ ಪ್ರಧಾನವಾಗಿತ್ತು. ವಿಚಾರಣಾ ನ್ಯಾಯಾಲಯ 2008ರಲ್ಲಿ ಇದನ್ನು ತಿಳಿದೂ ಮಾಡಿದ ನರಹತ್ಯೆಯೆಂದು ಕರೆದು ಐದು ವರ್ಷ ವಿಧಿಸಿತು. 2009ರಲ್ಲಿ ಉಚ್ಚ ನ್ಯಾಯಾಲಯ ದುಡುಕು ಮತ್ತು ನಿರ್ಲಕ್ಷ್ಯದ ಸಾವೆಂದು ಕರೆದು ಎರಡು ವರ್ಷಕ್ಕಿಳಿಸಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಮೊದಲಿನ ಹೆಸರನ್ನೇ ಮರಳಿ ಕೊಟ್ಟು, ಸೆರೆವಾಸವನ್ನು ಅದುವರೆಗೆ ಅನುಭವಿಸಿದಷ್ಟಕ್ಕೆ ಸೀಮಿತಗೊಳಿಸಿ, ಐವತ್ತು ಲಕ್ಷ ರೂಪಾಯಿಗಳನ್ನೂ ಎರಡು ವರ್ಷಗಳ ಸಮುದಾಯಸೇವೆಯನ್ನೂ ವಿಧಿಸಿತು. ಹೆಸರು ಏರಿತು, ಶಿಕ್ಷೆ ಏರಲಿಲ್ಲ. ಇದೇ ಪ್ರಕರಣದಲ್ಲಿ ಸಾಕ್ಷಿಯನ್ನು ಒಲಿಸಿಕೊಳ್ಳುವ ಯತ್ನ 2007ರಲ್ಲಿ ದೂರದರ್ಶನ ವಾಹಿನಿಯೊಂದರ ಗುಪ್ತ ಕ್ಯಾಮೆರಾದಲ್ಲಿ ಸೆರೆಯಾಗಿ, ಪ್ರತಿವಾದದ ಹಿರಿಯ ವಕೀಲ ಆರ್.ಕೆ. ಆನಂದ್ 2008ರಲ್ಲಿ ನ್ಯಾಯಾಲಯ ನಿಂದನೆಯ ತಪ್ಪಿತಸ್ಥರೆನಿಸಿದರು. ಮರುವರ್ಷ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಒಪ್ಪಿತು. ಬಸ್ಸಿನ ಸ್ಫೋಟದ ಆಪಾದಿತನಿಗೆ 56 ಸಾಕ್ಷಿಗಳವರೆಗೆ ಒಬ್ಬ ವಕೀಲನೂ ಇರಲಿಲ್ಲವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಒಂದೇ ನಗರದ ಎರಡು ಜಗತ್ತುಗಳು ಕಾಣುತ್ತವೆ.

ಮತ್ತೆ ಪದಗಳ ವಿಚಾರಕ್ಕೆ ಬರಬೇಕು. 2019ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಪ್ರಥಮ ವರ್ತಮಾನ ವರದಿಗಳಲ್ಲಿ ದೂರುದಾರನಿಗೇ ಅರ್ಥವಾಗದ ಉರ್ದು–ಪಾರಸಿ ಪದಗಳನ್ನು ಬಿಡಬೇಕೆಂದು ಪೊಲೀಸರಿಗೆ ಸೂಚಿಸಿತು. ಅಂತಹ 383 ಪದಗಳ ಪಟ್ಟಿಯೂ ಸಿದ್ಧವಾಯಿತು. ಒಳ್ಳೆಯದೇ. ಆದರೆ ಪಾರಸಿ ಪದವನ್ನು ತೆಗೆದು ಸಂಸ್ಕೃತ ಪದವನ್ನಿಟ್ಟ ಮಾತ್ರಕ್ಕೆ ಆಪಾದಿತನಿಗೆ ಅರ್ಥವಾಗುವುದಿಲ್ಲ. ಸಂಹಿತೆಯ ಅಧಿಕೃತ ಹಿಂದೀ ಪದ ‘ಆಪರಾಧಿಕ ಮಾನವ ವಧ’. ‘ಗೈರ್ ಇರಾದತನ್’ಗಿಂತ ಇದು ನಿಖರ, ಮತ್ತು ಅಷ್ಟೇ ದೂರದ್ದು. ಸಾಕ್ಷ್ಯವು ಆಪಾದಿತನಿಗೆ ತಿಳಿಯದ ಭಾಷೆಯಲ್ಲಿದ್ದರೆ ತೆರೆದ ನ್ಯಾಯಾಲಯದಲ್ಲಿ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಹಳೆಯ ಪ್ರಕ್ರಿಯಾ ಸಂಹಿತೆಯ 279ನೆಯ ಕಲಮು ಹೇಳಿತ್ತು. ಹೊಸ ಸಂಹಿತೆಯಲ್ಲಿಯೂ ಆ ನಿಯಮ ಉಳಿದಿದೆ. ಕಲಬುರಗಿಯಿಂದಲೋ ರಾಯಚೂರಿನಿಂದಲೋ ಕಟ್ಟಡದ ಕೆಲಸಕ್ಕೆಂದು ಬಂದವನೊಬ್ಬನು ಗುರುಗ್ರಾಮದಲ್ಲಿಯೋ ನೋಯ್ಡಾದಲ್ಲಿಯೋ ಇಂತಹ ಆಪಾದನೆಗೆ ಸಿಲುಕಿದನೆಂದು ಭಾವಿಸೋಣ. ಹೊರನಾಡಿನಲ್ಲಿ ಕನ್ನಡ ಬಲ್ಲವರಾರನ್ನಾದರೂ ದುಭಾಷಿಯಾಗಿ ಕರೆದರೆ, ಅವನಿಗೆ 105ನೆಯ ಕಲಮನ್ನು ಯಾವ ಕನ್ನಡದಲ್ಲಿ ಹೇಳುವುದು? ‘ಉದ್ದೇಶಪೂರ್ವಕವಲ್ಲದ ಹತ್ಯೆ’ ಎಂದರೆ, ಪ್ರಚೋದನೆಗೊಳಗಾಗಿ ಹೊಡೆದವನು ತನಗೆ ಅದು ಅನ್ವಯಿಸದೆಂದು ತಿಳಿದು ಸುಮ್ಮನಾದಾನು. ‘ದಂಡನೀಯ ನರಹತ್ಯೆ’ ಎಂದರೆ, ದಂಡನೆಯೊಂದೇ ಕಿವಿಗೆ ಬಿದ್ದೀತು. ‘ಕೊಲೆಯಲ್ಲದ ನರಹತ್ಯೆ’ ವಾಸಿ. ಆದರೂ ಅದು ಎರಡು ಬೇರೆ ಬೇರೆ ವಸ್ತುಗಳ ಭ್ರಮೆ ಹುಟ್ಟಿಸುತ್ತದೆ. ಮೂಲದ ಇಂಗ್ಲಿಷಿನಲ್ಲಿರುವುದು ಒಂದು ಮಟ್ಟದವರೆಗೆ ಏರುವ ಅಥವಾ ಏರದಿರುವ ಕ್ರಿಯೆ: ಎಲ್ಲ ಕೊಲೆಯೂ ನರಹತ್ಯೆಯೇ, ಎಲ್ಲ ನರಹತ್ಯೆಯೂ ಕೊಲೆಯ ಮಟ್ಟಕ್ಕೆ ಏರುವುದಿಲ್ಲ. ‘ಕೊಲೆಯ ಮಟ್ಟಕ್ಕೇರದ ನರಹತ್ಯೆ’ ಎಂಬುದು ಉದ್ದವಾಯಿತೆಂಬ ಆಕ್ಷೇಪ ಬರಬಹುದು. ಬರಲಿ, ಆ ‘ಏರದ’ ಎಂಬಲ್ಲಿಯೇ ಏಚನು ಹೇಳಬಹುದಾಗಿದ್ದುದಕ್ಕೂ ಜಾಗವಿದೆ.